ಗ್ಲೋವ್ ಬಾಕ್ಸ್ ಹಿಂದೆ ಹೊಂಗೆ ಹೂವು

ಹೋದ ಅಕ್ಟೋಬರ್‌ನಲ್ಲಿ ಸರ್ವಿಸ್ ಮುಗಿಸಿ ಬಂದ ಕಾರಿನ ಬಿಲ್ಲಿನಲ್ಲಿ ‘ಎಸಿ ಫಿಲ್ಟರ್ ಬದಲಾವಣೆ’ ಎಂದಿತ್ತು. ಎಸಿ ಹಾಕಿದರೆ ಮಾತ್ರ ಅದೇ ಮುಗ್ಗಲು ವಾಸನೆ. ಬಿಚ್ಚಿ ನೋಡಿದೆ. ಫಿಲ್ಟರಿನ ಮಡಿಕೆಗಳ ತುಂಬ ಒಣಗಿದ ಹೊಂಗೆ ಹೂವು, ಮಂಡಕ್ಕಿ ಚೆಲ್ಲಿದ ಹಾಗೆ. ನಮ್ಮ ಬೀದಿಯ ಹೊಂಗೆ ಹೂ ಉದುರಿಸುವುದು ಏಪ್ರಿಲ್‌ನಲ್ಲಿ!

ಅಂದಿನಿಂದ ಈ ಕೆಲಸ ನನ್ನದೇ. ಸ್ಕ್ರೂಡ್ರೈವರ್ ಕೂಡ ಬೇಡ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಸಿ ಫಿಲ್ಟರ್ ಇರುವುದು ಗ್ಲೋವ್ ಬಾಕ್ಸಿನ ಹಿಂದೆ. ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿ ಎಳೆದರೆ ಕೆಳಗೆ ಜೋತು ಬೀಳುತ್ತದೆ. ಹಿಂದೆ ಕಾಣುವ ಪ್ಲಾಸ್ಟಿಕ್ ಮುಚ್ಚಳದ ಕ್ಲಿಪ್ ಒತ್ತಿ ಫಿಲ್ಟರನ್ನು ಮೆಲ್ಲಗೆ ಹೊರಗೆಳೆಯಿರಿ. ಜಗ್ಗಿದರೆ ಕಸವೆಲ್ಲ ಒಳಗೇ ಉದುರುತ್ತದೆ. ಅಂಚಿನ ಬಾಣದ ಗುರುತು ಯಾವ ಕಡೆಗಿತ್ತೋ ಹೊಸದನ್ನೂ ಹಾಗೇ ಕೂರಿಸಿ. ವಾಹನ ಬಿಡಿಭಾಗಗಳ ಅಂಗಡಿಸಾಲಿರುವ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವುದಾದರೆ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ.

ಎಂಜಿನ್‌ನ ಏರ್ ಫಿಲ್ಟರ್ ಇನ್ನೂ ಸುಲಭ. ಬಾನೆಟ್ ಕೆಳಗಿನ ಕಪ್ಪು ಡಬ್ಬಿಯ ಕ್ಲಿಪ್ಪುಗಳನ್ನು ಬಿಡಿಸಿ, ಹೊರತೆಗೆದು, ನೆಲಕ್ಕೆ ಮೆತ್ತಗೆ ತಟ್ಟಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಮಡಿಕೆ ಕಪ್ಪಾಗಿದ್ದರೆ ಬದಲಿಸಿ.

ಬ್ಯಾಟರಿ ಹತ್ತಿರ ಮಾತ್ರ ಅವಸರ ಬೇಡ. ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಕಟ್ಟಿದ್ದರೆ ಕಾರು ಆಫ್ ಮಾಡಿ, 10 ನಂಬರ್ ಸ್ಪ್ಯಾನರ್‌ನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಮೊದಲೇ ಪ್ಲಸ್‌ಗೆ ಕೈ ಹಾಕಿದಿರೋ, ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಬುಸಬುಸನೆ ನೊರೆ ಬರುತ್ತದೆ, ಹೆದರಬೇಡಿ. ಚೆನ್ನಾಗಿ ಒರೆಸಿ, ಈ ಸಲ ಪ್ಲಸ್ ಮೊದಲು ಬಿಗಿದು, ಮೈನಸ್ ಕೊನೆಗೆ. ಮೇಲೆ ತುಸು ಪೆಟ್ರೋಲಿಯಂ ಜೆಲ್ಲಿ ಸವರಿ. ಗಡಿಯಾರವನ್ನು ಮತ್ತೆ ಹೊಂದಿಸಬೇಕಾದೀತು.

ಟೈರ್ ಗಾಳಿಯ ಲೆಕ್ಕ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. ಬಂಕಿನ ಹುಡುಗ ‘ಎಷ್ಟು ಸಾರ್’ ಎಂದರೆ ‘ಎಲ್ಲಕ್ಕೂ 35’ ಎನ್ನುವ ಚಾಳಿ ಬಿಡಿ. ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್‌ನ ಮಟ್ಟ ನೋಡುವುದು ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ಮುಖಕ್ಕೇ ಚಿಮ್ಮೀತು.

ಬ್ರೇಕ್ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಆಯಿಲ್ ಬದಲಾವಣೆಯೂ ಅಷ್ಟೇ: ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸಲಿಕ್ಕೆ, ಅದನ್ನು ನಂಬಿ ಕೆಳಗೆ ನುಸುಳಲಿಕ್ಕಲ್ಲ. ವಾರಂಟಿ ಇರುವ ತನಕ ಕಂಪನಿ ಹೇಳಿದ ಸರ್ವಿಸ್ ತಪ್ಪಿಸಬೇಡಿ.

ಹೊಸ ಫಿಲ್ಟರ್ ಹಾಕುವ ಮುನ್ನ ಅದರ ಅಂಚಿನ ಮೇಲೆ ಮಾರ್ಕರ್‌ನಿಂದ ತಾರೀಖು, ಕಿಲೋಮೀಟರ್ ಬರೆದಿಡಿ. ಮುಂದಿನ ಬಿಲ್ಲಿನಲ್ಲಿ ‘ಫಿಲ್ಟರ್ ಬದಲಾವಣೆ’ ಎಂದಿದ್ದರೆ ಸರ್ವಿಸ್ ಸೆಂಟರ್ ಗೇಟು ದಾಟುವ ಮೊದಲೇ ಗ್ಲೋವ್ ಬಾಕ್ಸ್ ಇಳಿಸಿ ನೋಡಬಹುದು.