ಕಾಡ್ಗಿಚ್ಚಿನ ಮೇಲೆ ಥೀಸಿಸ್: ಸುಡದ ಜಾಗ ಹುಡುಕುವುದೇ ಅರ್ಧ ಕೆಲಸ

ಕಾಡ್ಗಿಚ್ಚಿನ ಮೇಲೆ ಎಂಎಸ್ಸಿ, ಪಿಎಚ್‌ಡಿ ಮಾಡಹೊರಟವರು ಮೊದಲು ವಿಚಾರಿಸುವುದು ಉಪಗ್ರಹ ಚಿತ್ರಗಳ ಬಗ್ಗೆ. ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮುದುಮಲೆಯಂಥ ಎಲೆಯುದುರುವ ಕಾಡಿನಲ್ಲಿ ಅದಕ್ಕೂ ಮುಂಚೆ ಬಿಡಿಸಬೇಕಾದ ಪ್ರಶ್ನೆ ಬೇರೆ: ಹೋಲಿಸುವುದಕ್ಕೆ ಸುಡದ ಕಾಡು ಎಲ್ಲಿದೆ? ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿನ ಮರಗಳು ತಾವಾಗಿಯೇ ಬೋಳಾಗುತ್ತವೆ, ಹುಲ್ಲು ತಾನಾಗಿಯೇ ಒಣಗುತ್ತದೆ. ಬೆಂಕಿ ಬೀಳುವುದೂ ಆಗಲೇ. ಬೇಸಿಗೆ ಮಾಡಿದ್ದನ್ನು ಬೆಂಕಿಯ ಲೆಕ್ಕಕ್ಕೆ ಬರೆದರೆ ಮುಂದಿನದೆಲ್ಲ ತಪ್ಪುತ್ತದೆ. ನನ್ನ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ.

ಅನುಮತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಭಯಾರಣ್ಯದೊಳಗೆ ಸಂಶೋಧನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಅಡಿ ಅನುಮತಿ ಬೇಕು. 30ನೇ ಸೆಕ್ಷನ್ ಪ್ರಕಾರ ಅಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವಂತಿಲ್ಲ. ಆದ್ದರಿಂದ ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಮಾಡುವ ಹಾಗೆ ಸ್ವಂತ ಪ್ರಾಯೋಗಿಕ ಬೆಂಕಿಯನ್ನು ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ಪ್ರಸ್ತಾವದಲ್ಲಿ) ಬರೆದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಉಳಿಯುವ ದಾರಿ ಎರಡು: ಅರಣ್ಯ ಇಲಾಖೆ ಬೆಂಕಿ ರೇಖೆ (ಬೆಂಕಿ ಹರಡದಂತೆ ಮೊದಲೇ ಸುಟ್ಟು ಬೋಳು ಮಾಡುವ ಪಟ್ಟೆ) ಸುಡುವಾಗ ಜೊತೆಯಲ್ಲಿದ್ದು ಅಳೆಯುವುದು, ಇಲ್ಲವೇ ಆಕಸ್ಮಿಕವಾಗಿ ಬಿದ್ದ ಬೆಂಕಿಯನ್ನು ಆಮೇಲೆ ಹೋಗಿ ಅಳೆಯುವುದು. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ. ಯಾವ ವರ್ಷ ಯಾವುದು ಸಿಗುತ್ತದೆ ಎಂದು ಮೊದಲೇ ಹೇಳಲಾಗದು.

ಇನ್ನು ಪ್ಲಾಟ್‌ಗಳು, ಅಂದರೆ ಅಳತೆಗೆಂದು ಗುರುತು ಹಾಕಿಕೊಂಡ ನೆಲದ ತುಂಡುಗಳು. ಒಂದೇ ಬೆಂಕಿಯೊಳಗೆ 30 ಪ್ಲಾಟ್ ಹಾಕಿದರೆ ಅದು 30 ಮಾದರಿಯಲ್ಲ, ಒಂದೇ. ಪರೀಕ್ಷಕರು ಮೊದಲು ಹಿಡಿಯುವ ತಪ್ಪು ಇದು. ಬೇರೆ ಬೇರೆ ವರ್ಷ, ಬೇರೆ ಬೇರೆ ಕಡೆ ಬಿದ್ದ ಬೆಂಕಿಗಳನ್ನು ಆರಿಸಿ ಪ್ರತಿಯೊಂದರಲ್ಲೂ ಕೆಲವೇ ಪ್ಲಾಟ್ ಹಾಕುವುದು ಮೇಲು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿಯಂಥದ್ದು ಎಷ್ಟೇ ವಿಸ್ತಾರವಾಗಿದ್ದರೂ ಒಂದು ಘಟನೆಯೇ. ಇತ್ತ ಸುಡದೆ ಉಳಿದ ತುಂಡುಗಳು ಸಾಮಾನ್ಯವಾಗಿ ಹಳ್ಳದ ಬದಿ, ರಸ್ತೆಯ ಅಂಚು, ಬಂಡೆ ಹಾಸಿನ ನಡುವೆ ಇರುತ್ತವೆ. ಅಲ್ಲಿ ಮಣ್ಣೂ ಬೇರೆ, ತೇವವೂ ಬೇರೆ. ಹೋಲಿಕೆಗೆ ಇಟ್ಟುಕೊಳ್ಳುವ ಸುಡದ ಪ್ಲಾಟ್‌ಗೆ, ಅಂದರೆ ಕಂಟ್ರೋಲ್ ಪ್ಲಾಟ್‌ಗೆ, ಅಂಥ ಜಾಗ ಬೇಡ. ಅದೇ ಇಳಿಜಾರು, ಅದೇ ಮತ್ತಿ-ದಿಂಡಿಗದ ಕಾಡು, ಬೆಂಕಿ ರೇಖೆಯ ಆಚೆಬದಿ ಸಿಕ್ಕರೆ ಅದೇ ಸರಿ.

ಸುಡದ ಜಾಗ ಎಂದರೆ ಮೊದಲಿನಿಂದ ಹಾಗೇ ಇದ್ದ ಕಾಡು ಎಂದೂ ತಿಳಿಯಬಾರದು. ಬಿಳಿಗಿರಿರಂಗನಬೆಟ್ಟದಲ್ಲಿ ಸೋಲಿಗರು ಬೇಸಿಗೆಯ ಆರಂಭದಲ್ಲೇ ತರಗು ಬೆಂಕಿ ಹಾಕುತ್ತಿದ್ದರು: ಸಣ್ಣ ಉರಿ, ತೆಳುವಾದ ತರಗೆಲೆ. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಕಳೆ ಹೆಚ್ಚಿದ್ದಕ್ಕೂ, ನೆಲ್ಲಿ ಮರಗಳಿಗೆ ಉಪ್ಪಿಲು (ಕೊಂಬೆಗಳ ಮೇಲೆ ಬೆಳೆಯುವ ಪರಾವಲಂಬಿ ಗಿಡ) ಹತ್ತಿದ್ದಕ್ಕೂ ಬೆಂಕಿ ನಿಂತದ್ದೇ ಕಾರಣ ಎನ್ನುವುದು ಅವರ ವಾದ. ಒಪ್ಪುವುದು ಬಿಡುವುದು ಆಮೇಲಿನ ಮಾತು. ಪ್ರತಿ ಪ್ಲಾಟ್‌ಗೆ ಕೊನೆಯ ಬೆಂಕಿ ಯಾವ ವರ್ಷ ಎಂಬ ಅಂಕಣವಂತೂ ಇರಲೇಬೇಕು. ರೇಂಜ್ ಕಚೇರಿಯ ದಾಖಲೆ, ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೆಯ ಚಿತ್ರ, ವಾಚರ್‌ಗಳ ನೆನಪು, ಈ ಮೂರರಲ್ಲಿ ಎರಡಾದರೂ ತಾಳೆಯಾದರೆ ಮಾತ್ರ ಆ ವರ್ಷವನ್ನು ಬರೆದುಕೊಳ್ಳುತ್ತಿದ್ದೆ.

ಉರುವಲಿನ ಅಳತೆ ಸುಲಭವೆನಿಸುತ್ತದೆ, ಕೆಡುವುದೂ ಸುಲಭ. ತರಗಿಗೆ 50 ಸೆಂ.ಮೀ. ಚದರದ ಕಬ್ಬಿಣದ ಚೌಕಟ್ಟು ಸಾಕು. ಅಂಚಿನಲ್ಲಿ ಎಲೆಗಳನ್ನು ಚಾಕುವಿನಿಂದ ಕತ್ತರಿಸಿ ಒಳಗಿನದಷ್ಟನ್ನೇ ತೆಗೆಯಬೇಕು. ಕೈಯಿಂದ ಬಾಚಿದರೆ ಹೊರಗಿನದೂ ಬರುತ್ತದೆ, ಮಣ್ಣೂ ಬರುತ್ತದೆ. ಒಣಗಿಸಿದ ಗ್ರಾಂ ತೂಕವನ್ನು 0.04ರಿಂದ ಗುಣಿಸಿದರೆ ಹೆಕ್ಟೇರಿಗೆ ಇಷ್ಟು ಟನ್ ಎಂದು ಬರುತ್ತದೆ: 125 ಗ್ರಾಂ ಎಂದರೆ 5 ಟನ್.

ಬಿದ್ದ ಕಡ್ಡಿ-ಕೊಂಬೆಗಳಿಗೆ ಟೇಪ್ ಹಾಸಿ, ಅದನ್ನು ದಾಟುವ ತುಂಡುಗಳನ್ನು ಎಣಿಸುವ ಕ್ರಮ. ಪ್ಲಾಟ್ ಮಧ್ಯದಿಂದ 0, 120, 240 ಡಿಗ್ರಿಗೆ ಮೂರು ಗೆರೆ. 0.64 ಸೆಂ.ಮೀ.ಗಿಂತ ಸಣ್ಣವು, 0.64ರಿಂದ 2.54, 2.54ರಿಂದ 7.62, ಅದಕ್ಕಿಂತ ದಪ್ಪ ಹೀಗೆ ನಾಲ್ಕು ವರ್ಗ. ಮೊದಲ ಎರಡಕ್ಕೆ 2 ಮೀಟರ್, ಮೂರನೆಯದಕ್ಕೆ 4, ದಪ್ಪ ದಿಮ್ಮಿಗಳಿಗೆ 20 ಮೀಟರ್ ಗೆರೆ ಸಾಕು. ತಗಡಿನಲ್ಲಿ ಈ ಅಳತೆಯ ಕಚ್ಚು ಕೊರೆದುಕೊಂಡರೆ ಕ್ಯಾಲಿಪರ್ ಹಿಡಿದು ಕೂರಬೇಕಿಲ್ಲ. ಲೆಕ್ಕ ಹೀಗೆ: ಸಂಖ್ಯೆ × ವ್ಯಾಸ × ವ್ಯಾಸ (ಸೆಂ.ಮೀ.) × ಸಾಂದ್ರತೆ (ಘನ ಸೆಂ.ಮೀ.ಗೆ ಗ್ರಾಂ) × 1.234, ಇದನ್ನು ಗೆರೆಯ ಉದ್ದದಿಂದ (ಮೀ.) ಭಾಗಿಸಬೇಕು. 2 ಮೀಟರಿನಲ್ಲಿ 1.4 ಸೆಂ.ಮೀ.ನ 6 ಕಡ್ಡಿ, ಸಾಂದ್ರತೆ 0.6 ಆದರೆ ಹೆಕ್ಟೇರಿಗೆ ಸುಮಾರು 4.35 ಟನ್. ಇಳಿಜಾರಿನಲ್ಲಿ ಗೆರೆಯನ್ನು ಸಮತಲದ ಉದ್ದಕ್ಕೆ ತಿದ್ದಬೇಕು.

ಈ ಸೂತ್ರ ಅಮೆರಿಕದ ಸೂಚಿಪರ್ಣಿ ಕಾಡುಗಳಲ್ಲಿ ಬಳಕೆಗೆ ಬಂದದ್ದು. ನಮ್ಮಲ್ಲಿ ಅದು ಎಡವುವುದು ಬಿದಿರಿನಲ್ಲಿ. ಬಿದಿರು ಟೊಳ್ಳು, ಹೊರವ್ಯಾಸ ಹಾಕಿದರೆ ತೂಕ ಎಷ್ಟೋ ಪಟ್ಟು ಹೆಚ್ಚು ತೋರುತ್ತದೆ. ಗೋಡೆಯ ದಪ್ಪವನ್ನೂ ಅಳೆದು ಟೊಳ್ಳು ಕಳೆಯಬೇಕು. ಲಂಟಾನ ಇನ್ನೊಂದು ತೊಡಕು: ಬೇರೂರಿ ನಿಂತೇ ಇರುವ ಒಣಗಡ್ಡಿ ಟೇಪಿನ ಎಣಿಕೆಗೆ ಸೇರುವುದಿಲ್ಲ, ಆದರೆ ಬೆಂಕಿಯನ್ನು ಮರದ ಮೇಲಕ್ಕೆ ಏರಿಸುವುದೇ ಅದು. 2 ಮೀಟರ್ ಚದರದ ಜಾಗದಲ್ಲಿ ಪೂರ್ತಿ ಕಡಿದು, ಹಸಿ-ಒಣ ಬೇರ್ಪಡಿಸಿ ತೂಗುವುದಲ್ಲದೆ ಬೇರೆ ಉಪಾಯ ನನಗೆ ಕಂಡಿಲ್ಲ.

ತೇವಾಂಶದ ಮಾದರಿಯನ್ನು ಮಧ್ಯಾಹ್ನ 1ರಿಂದ 3ರೊಳಗೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೆಗೆದು, ಮುಚ್ಚಳ ತೆರೆಯುವ ಮುಂಚೆ ತೂಗಬೇಕು. ಆಮೇಲೆ 105 ಡಿಗ್ರಿಯಲ್ಲಿ 24 ಗಂಟೆ ಓವನ್. ಭಾಗಿಸಬೇಕಾದದ್ದು ಒಣ ತೂಕದಿಂದ. 130 ಗ್ರಾಂ ಒಣಗಿ 100 ಆದರೆ ತೇವಾಂಶ 30 ಪ್ರತಿಶತ. ಹಸಿ ತೂಕದಿಂದ ಭಾಗಿಸಿದವರಿಗೆ 23 ಬರುತ್ತದೆ, ಆ ಅಂಕಿಯನ್ನು ಬೇರೆ ಯಾರ ಅಧ್ಯಯನದೊಂದಿಗೂ ಹೋಲಿಸಲಾಗದು.

ಬೆಂಕಿ ರೇಖೆ ಸುಡುವ ದಿನ 2 ಮೀಟರಿಗೊಂದು ಕಬ್ಬಿಣದ ಸರಳು ನೆಟ್ಟು, ಜ್ವಾಲೆ ಒಂದರಿಂದ ಇನ್ನೊಂದಕ್ಕೆ ಮುಟ್ಟಿದ ಸಮಯ ಬರೆದುಕೊಂಡರೆ ವೇಗ ಸಿಗುತ್ತದೆ. ಉರಿಯ ತೀವ್ರತೆ ಎಂದರೆ 18,000 (ಒಂದು ಕಿಲೋ ಉರುವಲಿನ ಶಾಖ, ಕಿಲೋಜೂಲ್‌ನಲ್ಲಿ) × ಸುಟ್ಟ ಉರುವಲು (ಚ.ಮೀ.ಗೆ ಕಿಲೋ) × ವೇಗ (ಸೆಕೆಂಡಿಗೆ ಮೀಟರ್). ಇಲ್ಲಿ ಹಾಕಬೇಕಾದದ್ದು ಇದ್ದ ಉರುವಲಲ್ಲ, ಸುಟ್ಟು ಹೋದದ್ದು. ಸುಡುವ ಮೊದಲು, ಸುಟ್ಟ ಮೇಲೆ ಎರಡೂ ಸಲ ತೂಗದೆ ಅದು ಸಿಗದು. 0.4 ಕಿಲೋ, 0.02 ಮೀಟರ್ ಆದರೆ ಮೀಟರಿಗೆ 144 ಕಿಲೋವ್ಯಾಟ್, ಜ್ವಾಲೆಯ ಉದ್ದ ಮುಕ್ಕಾಲು ಮೀಟರ್. ಸೊಪ್ಪಿನಿಂದ ಬಡಿದು ನಂದಿಸಬಹುದಾದ ಬೆಂಕಿ. ಆದರೆ ಎತ್ತರವಾಗಿ ಬೆಳೆದ ಹುಲ್ಲಿನಲ್ಲಿ 0.8 ಕಿಲೋ, 0.15 ಮೀಟರ್ ಆದರೆ 2,160 ಕಿಲೋವ್ಯಾಟ್, ಜ್ವಾಲೆ ಎರಡೂವರೆ ಮೀಟರಿಗೂ ಮೇಲೆ. ಎದುರು ನಿಲ್ಲುವ ಮಾತೇ ಇಲ್ಲ. ರೇಖೆ ಸುಡುವುದು ಗಾಳಿ ಕಡಿಮೆ ಇರುವಾಗ, ತೇವ ಇನ್ನೂ ಆರದಾಗ. ಅಲ್ಲಿ ಅಳೆದದ್ದನ್ನು ಮಾರ್ಚ್ ಬೆಂಕಿಗೆ ಹೊಂದಿಸಬಾರದು. ಅಳೆಯುವಾಗ ಹತ್ತಿಯ ಬಟ್ಟೆ, ಚರ್ಮದ ಬೂಟು, ನಿಲ್ಲುವುದು ಈಗಾಗಲೇ ಸುಟ್ಟ ಕಡೆ.

ಈಗ ಉಪಗ್ರಹ. ಸೆಂಟಿನೆಲ್-2ರ ಬಿ8ಎ ಮತ್ತು ಬಿ12 ಎಂಬ ಎರಡು ಅವಕೆಂಪು ಪಟ್ಟಿಗಳಿಂದ ಎನ್‌ಬಿಆರ್ (ಸುಟ್ಟದ್ದನ್ನು ತೋರಿಸುವ ಸೂಚ್ಯಂಕ) ತೆಗೆದು, ಬೆಂಕಿಗೆ ಮೊದಲಿನದರಿಂದ ನಂತರದ್ದನ್ನು ಕಳೆದರೆ ಡಿ-ಎನ್‌ಬಿಆರ್. ಡಿಸೆಂಬರ್ ಚಿತ್ರವನ್ನು ಮಾರ್ಚ್ ಚಿತ್ರಕ್ಕೆ ಹೋಲಿಸಿದರೆ ಬರೀ ಎಲೆ ಉದುರಿದ ಕಾಡೂ ಸುಟ್ಟಂತೆ ಕಾಣುತ್ತದೆ. ಎರಡು ಚಿತ್ರಗಳ ನಡುವೆ ಒಂದೆರಡು ವಾರಕ್ಕಿಂತ ಹೆಚ್ಚು ಅಂತರ ಬೇಡ. ಅಷ್ಟಾದರೂ ಸಾಲದು. ಅದೇ ಬಗೆಯ ಸುಡದ ಕಾಡಿನ ಸರಾಸರಿಯನ್ನು ಕಳೆಯಬೇಕು: ಸುಟ್ಟಲ್ಲಿ 0.30, ಸುಡದಲ್ಲಿ 0.12 ಇದ್ದರೆ ಬೆಂಕಿಯ ಪಾಲು 0.18. 0.10 ದಾಟಿದರೆ ಸುಟ್ಟದ್ದು ಎಂಬ ಪ್ರಚಲಿತ ಮಿತಿಯನ್ನು ಹಾಗೇ ಬಳಸಿದ್ದರೆ ಆ ಸುಡದ ಕಾಡೂ ಪಟ್ಟಿಗೆ ಸೇರುತ್ತಿತ್ತು. 2022ರ ಜನವರಿ 25ರಿಂದ ಈ ಚಿತ್ರಗಳ ಅಂಕಿಗಳಿಗೆ 1000 ಕೂಡಿಸಿ ಕೊಡುತ್ತಾರೆ. ಅದನ್ನು ಕಳೆಯದೆ ಹಳೆಯ ಚಿತ್ರದ ಜೊತೆಗಿಟ್ಟರೆ ಎನ್‌ಬಿಆರ್ ಬದಲಾಗುತ್ತದೆ. ಗೂಗಲ್‌ನ ಅರ್ತ್ ಎಂಜಿನ್‌ನಲ್ಲಿ ಹಾರ್ಮೊನೈಸ್ಡ್ (ಈ ವ್ಯತ್ಯಾಸವನ್ನು ಸರಿಪಡಿಸಿದ) ಸಂಗ್ರಹ ತೆಗೆದುಕೊಂಡರೆ ಈ ಕಾಟವಿಲ್ಲ.

ಉರಿಯುವ ಬೆಂಕಿಯನ್ನು ಉಪಗ್ರಹದಿಂದ ಪತ್ತೆಮಾಡುವ ವಿಐಐಆರ್‌ಎಸ್ ಉಪಕರಣದ ಬೆಂಕಿ ಚುಕ್ಕೆಗಳನ್ನು ಎಣಿಸಿ ವಿಸ್ತೀರ್ಣ ಹೇಳಬೇಡಿ. 375 ಮೀಟರಿನ ಒಂದು ಚುಕ್ಕೆಯೊಳಗೆ ಸುಮಾರು 14 ಹೆಕ್ಟೇರ್ ಇದೆ. ಉರಿದದ್ದು ಅದರ ಒಂದು ಮೂಲೆಯೂ ಇರಬಹುದು. ಎರಡು ಹಾದುಹೋಗುವಿಕೆಗಳ ನಡುವೆ ಹತ್ತಿ ಆರಿದ ತರಗು ಬೆಂಕಿ ಅದಕ್ಕೆ ಕಾಣುವುದೇ ಇಲ್ಲ. ದಿನಾಂಕ ಗೊತ್ತುಮಾಡಿಕೊಳ್ಳಲು ಮಾತ್ರ ಅದು ಒಳ್ಳೆಯದು.

ಗಿಡಗಳ ಸಾವಿನ ಎಣಿಕೆಗೆ ಅವಸರ ಬೇಡ. ಏಪ್ರಿಲ್‌ನಲ್ಲಿ ಸತ್ತಂತೆ ಕಂಡ ದಿಂಡಿಗ, ತೇಗದ ಸಸಿಗಳು ಮಳೆ ಬಿದ್ದಮೇಲೆ ಬುಡದಿಂದ ಚಿಗುರುತ್ತವೆ. ಕಾಂಡ ಮಾತ್ರ ಸತ್ತದ್ದು, ಗಿಡವೇ ಸತ್ತದ್ದು ಎಂದು ಎರಡು ಅಂಕಣ ಮಾಡಿ, ಎರಡನೆಯದನ್ನು ಮುಂಗಾರು ಮುಗಿದ ಮೇಲೆ ತುಂಬಿ. ಆನೆ ಮುರಿದದ್ದಕ್ಕೆ ಮೂರನೆಯ ಅಂಕಣ. ಮುದುಮಲೆಯ 50 ಹೆಕ್ಟೇರ್ ಪ್ಲಾಟ್‌ನಲ್ಲಿ 1988ರಿಂದ ನಡೆದಿರುವ ಎಣಿಕೆಯಲ್ಲೂ ಬೆಂಕಿಯ ಸಾವು, ಆನೆಯ ಸಾವು ಬೇರೆ ಬೇರೆ. ಗುರುತಿಗೆ ಅಲ್ಯೂಮಿನಿಯಂ ಬಿಲ್ಲೆ, ಜಿಐ ತಂತಿ. ಪ್ಲಾಸ್ಟಿಕ್ ಮುಂದಿನ ಬೆಂಕಿಗೇ ಕರಗುತ್ತದೆ.

ವಿಶ್ಲೇಷಣೆಯಲ್ಲಿ ಬೆಂಕಿಯ ಘಟನೆಯನ್ನು ರ‍್ಯಾಂಡಮ್ ಎಫೆಕ್ಟ್ ಆಗಿ ಹಾಕಿ, ಅಂದರೆ ಒಂದೇ ಬೆಂಕಿಯ ಪ್ಲಾಟ್‌ಗಳನ್ನು ಒಂದು ಗುಂಪೆಂದು ಲೆಕ್ಕಿಸುವ ಸಂಖ್ಯಾಶಾಸ್ತ್ರೀಯ ಮಾದರಿ ಬಳಸಿ. ಘಟನೆಗಳು ಐದಕ್ಕಿಂತ ಕಡಿಮೆ ಇದ್ದರೆ ಆ ಮಾದರಿ ನಿಲ್ಲುವುದಿಲ್ಲ. ಆಗ ಪ್ರತಿ ಬೆಂಕಿಯ ಫಲಿತಾಂಶವನ್ನು ಅದರದೇ ಕಂಟ್ರೋಲ್ ಪ್ಲಾಟ್‌ಗಳ ಪಕ್ಕದಲ್ಲಿಟ್ಟು ಪ್ರತ್ಯೇಕವಾಗಿ ಕೊಡಿ, ಸರಾಸರಿ ಮಾಡಬೇಡಿ.