ಹುಳ ಸಾಕೋಕೆ ಹೊರಟಿದ್ದೀರಾ? ಮೊದ್ಲು ಎಲೆ ಎಲ್ಲಿದೆ ನೋಡ್ಕೊಳ್ಳಿ

ಗಿಡದ ಮೇಲೆ ಒಂದು ಹುಳ ಕಂಡ ತಕ್ಷಣ ಡಬ್ಬಿ ಹುಡುಕ್ಕೊಂಡು ಓಡೋರೇ ಜಾಸ್ತಿ, ನಾನೂ ಮೊದ್ಲು ಹಂಗೇ ಮಾಡಿದ್ದು. ಡಬ್ಬಿ ಯಾವ್ದಾದ್ರೂ ನಡೆಯತ್ತೆ ಸ್ವಾಮಿ, ತಲೆ ಕೆಡಿಸ್ಕೋಬೇಕಾಗಿರೋದು ಎಲೆಗೆ. ಚಿಟ್ಟೆ ಹುಳಗಳು ಊಟದ ವಿಷಯದಲ್ಲಿ ಭಾರಿ ಹಠಮಾರಿಗಳು, ತಮ್ಮ ಗಿಡದ ಎಲೆ ಬಿಟ್ಟು ಬೇರೆ ಏನು ಹಾಕಿದ್ರೂ ಎರಡು ಸಲ ತಲೆ ಆಡಿಸಿ ಪಕ್ಕಕ್ಕೆ ಹೋಗಿ ಕೂತ್ಬಿಡ್ತವೆ, ಹಸಿವಿಂದ ಸಾಯ್ತವೆ ಹೊರತು ಬಾಯಿ ಹಾಕಲ್ಲ. ಅದಕ್ಕೆ ಹುಳ ಎತ್ಕೊಳ್ಳೋ ಮುಂಚೆ ಅದು ಯಾವ ಗಿಡದಲ್ಲಿತ್ತು, ನಿಜವಾಗ್ಲೂ ಅದನ್ನೇ ತಿಂತಿತ್ತಾ ಅಥವಾ ದಾರಿಯಲ್ಲಿ ಸುಮ್ನೆ ಹೋಗ್ತಿತ್ತಾ, ಆ ಗಿಡ ನಿಮಗೆ ಇನ್ನು ಮೂರು ವಾರ ದಿನಾ ಕೈಗೆ ಸಿಗತ್ತಾ, ಇಷ್ಟು ನೋಡ್ಕೊಳ್ಳಿ. ಸಿಗಲ್ಲ ಅಂದ್ರೆ ಹುಳಾನ ಅಲ್ಲೇ ಬಿಡಿ.

ಶುರು ಮಾಡೋರಿಗೆ ನಿಂಬೆ, ಕಿತ್ತಳೆ ಜಾತಿ ಗಿಡ ಅಥವಾ ಕರಿಬೇವು ಸುಲಭ. ಎಲೆ ಮೇಲೆ ಹಕ್ಕಿ ಪಿಕ್ಕೆ ಬಿದ್ದಂಗೆ ಕಪ್ಪು ಬಿಳಿ ಕಂಡ್ರೆ ಹತ್ರ ಹೋಗಿ ನೋಡಿ, ಅದಕ್ಕೆ ತಲೆ ಇದ್ರೆ ಅದು ನಿಂಬೆ ಚಿಟ್ಟೆ ಅಥವಾ ಕಾಮನ್ ಮಾರ್ಮನ್ ಮರಿ. ಕೊನೇ ಹಂತಕ್ಕೆ ಬಂದಾಗ ಇದ್ದಕ್ಕಿದ್ದಂಗೆ ಹಸಿರಾಗತ್ತೆ. ಸ್ವಲ್ಪ ಮುಟ್ಟಿದ್ರೆ ತಲೆ ಹಿಂದಿಂದ ಕವೆ ತರದ ಕೊಂಬು ಹೊರಗೆ ಹಾಕತ್ತೆ, ಒಂಥರಾ ಘಾಟು ವಾಸನೆ ಬರತ್ತೆ, ಹೆದರಬೇಡಿ, ಅದು ಇರುವೆ ಜೇಡ ಓಡಿಸೋಕೆ ಇಟ್ಕೊಂಡಿರೋ ಅಸ್ತ್ರ ಅಷ್ಟೇ. ಎಕ್ಕದ ಗಿಡದಲ್ಲಿ ಪಟ್ಟೆ ಪಟ್ಟೆ ಹುಳ, ಮೈಮೇಲೆ ಮೂರು ಜೊತೆ ಕಪ್ಪು ದಾರ ಇದ್ದಂಗೆ ಇದ್ರೆ ಪ್ಲೇನ್ ಟೈಗರ್ ಚಿಟ್ಟೆಯದ್ದು, ಅಮೆರಿಕದ ಮೊನಾರ್ಕ್ ಚಿಟ್ಟೆಗೆ ಹತ್ತಿರದ ನೆಂಟ (ಅದಕ್ಕೆ ಎರಡೇ ಜೊತೆ). ಎಕ್ಕದ ಎಲೆ ಕಿತ್ತ ಕೈಯಲ್ಲಿ ಮಾತ್ರ ಕಣ್ಣು ಉಜ್ಜಬೇಡಿ, ಆ ಹಾಲು ಕಣ್ಣಿಗೆ ನಿಜವಾಗ್ಲೂ ಅಪಾಯ. ಕಣಗಿಲೆಯಲ್ಲಿ ಕಾಮನ್ ಕ್ರೋ ಅನ್ನೋ ಚಿಟ್ಟೆಯ ಹುಳ ಸಿಗತ್ತೆ. ಅಲ್ಲೇ ಬಾಲದಲ್ಲಿ ಸಣ್ಣ ಕೊಂಬು, ಮುಂದುಗಡೆ ನೀಲಿ ಕಣ್ಣಿನ ಗುರುತು ಇರೋ ದಪ್ಪ ಹಸಿರು ಹುಳ ಸಿಕ್ರೆ ಅದು ಹಾಕ್ ಮಾತ್ ಅನ್ನೋ ಪತಂಗದ್ದು. ಕಣಗಿಲೆ ಪೂರ್ತಿ ವಿಷ, ಕೈ ತೊಳ್ಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.

ಮೈತುಂಬ ಕೂದಲು ಇರೋ ಕಂಬಳಿಹುಳ ಸಿಕ್ರೆ ಬರಿಗೈಲಿ ಮುಟ್ಟೋದೇ ಬೇಡ. ಎಲ್ಲಾ ಕಂಬಳಿಹುಳಾನೂ ತುರಿಸಲ್ಲ ಅನ್ನೋದು ನಿಜ, ಆದ್ರೆ ಯಾವುದು ತುರಿಸತ್ತೆ ಅಂತ ಮುಟ್ಟಿ ತಿಳ್ಕೊಳ್ಳೋದು ಬುದ್ಧಿವಂತರ ಕೆಲಸ ಅಲ್ಲ. ಎಷ್ಟೋ ಕಂಬಳಿಹುಳಗಳು ಗೂಡು ಕಟ್ಟುವಾಗ ಕೂದಲನ್ನೂ ಸೇರಿಸಿ ನೇಯ್ತವೆ, ಹಾಗಾಗಿ ಗೂಡು ಮುಟ್ಟಿದ್ರೂ ತುರಿಸಬಹುದು.

ನನ್ನ ಕೇಳಿದ್ರೆ ದೊಡ್ಡ ಹುಳಕ್ಕಿಂತ ಮೊಟ್ಟೆಯಿಂದ ಶುರು ಮಾಡೋದು ವಾಸಿ. ಹೊರಗೆ ಹೆಚ್ಚು ದಿನ ಇದ್ದಷ್ಟೂ ಅದರ ಮೈಯೊಳಗೆ ಬೇರೆಯವರು ಮನೆ ಮಾಡಿರೋ ಚಾನ್ಸ್ ಜಾಸ್ತಿ, ಅದರ ಕಥೆ ಆಮೇಲೆ ಹೇಳ್ತೀನಿ. ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಸಣ್ಣ ತಿಳಿ ಹಳದಿ ಗುಂಡು ಇದ್ರೆ ನಿಂಬೆ ಚಿಟ್ಟೆ ಮೊಟ್ಟೆ. ಅದನ್ನ ಕೀಳೋಕೆ ಹೋಗ್ಬೇಡಿ, ಎಲೆ ಸಮೇತ ತನ್ನಿ. ಬಿಸಿ ಹವಾಮಾನದಲ್ಲಿ 3 ರಿಂದ 5 ದಿನದಲ್ಲಿ ಒಡೆಯತ್ತೆ, ಒಡೆಯೋ ಮುಂಚೆ ಕಪ್ಪಗಾಗತ್ತೆ, ಹೊರಗೆ ಬಂದ ಮರಿ ಮೊದ್ಲು ತನ್ನ ಮೊಟ್ಟೆ ಚಿಪ್ಪನ್ನೇ ತಿನ್ನತ್ತೆ.

ಸಣ್ಣ ಮರಿಗಳಿಗೆ ಸಣ್ಣ ಡಬ್ಬಿ, ಕೆಳಗೆ ಟಿಶ್ಯೂ ಪೇಪರ್, ಒಂದು ಎಳೆ ಎಲೆ, ಸಾಕು. ದೊಡ್ಡದಾದ ಮೇಲೆ ಗಾಳಿ ಆಡೋ ಜಾಗ ಬೇಕೇ ಬೇಕು, ಬಟ್ಟೆ ಬಲೆಯ ಬುಟ್ಟಿ ಅಥವಾ ರಟ್ಟಿನ ಬಾಕ್ಸ್‌ಗೆ ಸೊಳ್ಳೆ ಪರದೆ ಕಟ್ಟಿದ್ರೂ ಆಗತ್ತೆ. ಬಿಗಿ ಮುಚ್ಚಳದ ಗಾಜಿನ ಬಾಟಲಿ ನೋಡೋಕೆ ಚಂದ, ಆದ್ರೆ ಗೋಡೆ ಬೆವರಿ ನೀರಿಳಿದು ಹಿಕ್ಕೆಗೆ ಬೂಷ್ಟು ಹಿಡಿದು ಎರಡೇ ದಿನದಲ್ಲಿ ಹುಳ ಮೆತ್ತಗಾಗಿ ಜೋತು ಬೀಳತ್ತೆ. ನೇರ ಬಿಸಿಲಿಗೂ ಇಡಬೇಡಿ. ಕುಡಿಯೋಕೆ ನೀರು ಇಡೋದು ಬೇಡ, ಎಲೆಯಲ್ಲಿರೋ ನೀರೇ ಅದಕ್ಕೆ ಸಾಕು. ಎಲೆ ಬಾಡಬಾರದು ಅಂತ ರೆಂಬೆನ ನೀರಿನ ಬಾಟಲಿಯಲ್ಲಿ ಇಡೋರು ಬಾಟಲಿ ಬಾಯಿಗೆ ಹತ್ತಿ ಗಿಡಿಯಲೇಬೇಕು, ಇಲ್ಲಾಂದ್ರೆ ಈ ಮಹಾಶಯರು ಕಾಂಡ ಹಿಡ್ಕೊಂಡು ನೇರ ಕೆಳಗಿಳಿದು ನೀರಲ್ಲಿ ಮುಳುಗಿ ಸಾಯ್ತಾರೆ.

ದಿನದ ಕೆಲಸ ಹತ್ತು ನಿಮಿಷದ್ದು, ಹಳೇ ಎಲೆ ತೆಗೆದು ಹಿಕ್ಕೆ ಕೊಡವಿ ಟಿಶ್ಯೂ ಬದಲಾಯ್ಸಿ ಹೊಸ ಎಲೆ ಇಡೋದು. ಹುಳಾನ ಎಲೆಯಿಂದ ಎಳೀಬೇಡಿ, ಅದರ ಹಿಂಗಾಲುಗಳಲ್ಲಿ ಸಣ್ಣ ಸಣ್ಣ ಕೊಕ್ಕೆ ಇರತ್ತೆ, ಹಿಡ್ಕೊಂಡ್ರೆ ಬಿಡಲ್ಲ, ಎಳೆದ್ರೆ ಕಾಲೇ ಹರಿಯತ್ತೆ. ಅದು ಕೂತಿರೋ ಎಲೆಯ ತುಂಡನ್ನೇ ಕತ್ತರಿಸಿ ಹೊಸ ಎಲೆ ಮೇಲಿಡಿ, ಹಸಿವಾದಾಗ ತಾನೇ ಇಳಿದು ಹೋಗತ್ತೆ. ತೀರಾ ಅವಸರ ಇದ್ರೆ ಮೆತ್ತನೆ ಪೇಂಟಿಂಗ್ ಬ್ರಷ್.

ಎಲೆ ತೊಳೆದು ಒರೆಸಿ ಹಾಕಿ. ತೊಳೆದ್ರೂ ಔಷಧಿ ಹೊಡೆದ ಗಿಡ ಔಷಧಿ ಹೊಡೆದ ಗಿಡಾನೇ, ಕೆಲವು ಕೀಟನಾಶಕ ಬೇರಿಂದ ಎಲೆ ಒಳಗೇ ಸೇರ್ಕೊಂಡಿರತ್ತೆ. ಒಂದ್ಸಲ ಎಲೆ ಸಾಲ್ತಿಲ್ಲ ಅಂತ ಹೊಸದಾಗಿ ಒಂದು ನಿಂಬೆ ಸಸಿ ಕೊಂಡು ತಂದೆ, ಒಳ್ಳೆ ಮಿರ ಮಿರ ಮಿಂಚೋ ಎಲೆ, ಒಂದೂ ತೂತಿಲ್ಲ. ಅದನ್ನ ನೋಡಿದಾಗ್ಲೇ ಅನುಮಾನ ಬರ್ಬೇಕಿತ್ತು. ರಾತ್ರಿ ಆರು ಹುಳ ಬಿಟ್ಟು ಮಲ್ಗಿದೆ, ಬೆಳಿಗ್ಗೆ ಎದ್ದು ನೋಡಿದ್ರೆ ಆರೂ ಕೆಳಗೆ ಬಿದ್ದು ಹಸಿರು ವಾಂತಿ ಮಾಡ್ಕೊಂಡು ಮೈ ತಿರುಚ್ಕೊಳ್ತಿದ್ವು, ಮಧ್ಯಾಹ್ನಕ್ಕೆ ಒಂದೂ ಉಳೀಲಿಲ್ಲ. ಅವತ್ತಿಂದ ತೂತು ಬಿದ್ದ ಗಿಡದ ಎಲೆಯೇ ನನಗೆ ಬೇಕು.

ಹುಳ ಇದ್ದಕ್ಕಿದ್ದಂಗೆ ತಿನ್ನೋದು ಬಿಟ್ಟು ಕಲ್ಲಿನ ತರ ಕೂತ್ರೆ ಗಾಬರಿ ಬೀಳ್ಬೇಡಿ. ಪೊರೆ ಬಿಡೋ ಸಮಯ ಅದು, ರೇಷ್ಮೆ ಸಾಕೋರು ಇದಕ್ಕೆ ಜ್ವರ ಅಂತಾರೆ, ಸಾಮಾನ್ಯವಾಗಿ ನಾಲ್ಕು ಸಲ ಬರತ್ತೆ. ಒಂದು ದಿನದವರೆಗೂ ಹಂಗೇ ಇರಬಹುದು, ಅಷ್ಟು ಹೊತ್ತು ಮುಟ್ಟೋದು, ಜಾಗ ಬದಲಾಯ್ಸೋದು, ಊದೋದು ಯಾವ್ದೂ ಬೇಡ. ಹತ್ರದಿಂದ ನೋಡ್ತಾ ಕೂತ್ರೆ ಮಜಾ ಇರತ್ತೆ, ಹಳೇ ತಲೆಚಿಪ್ಪು ಟೋಪಿ ತರ ಮುಂದಕ್ಕೆ ಜಾರಿ ಟಪ್ ಅಂತ ಉದುರತ್ತೆ, ಹಿಂದೆ ಸುಕ್ಕುಸುಕ್ಕಾಗಿ ಸಾಕ್ಸ್ ಬಿಚ್ಚಿಟ್ಟಂಗೆ ಚರ್ಮ ಬಿದ್ದಿರತ್ತೆ, ಸ್ವಲ್ಪ ಸುಧಾರಿಸ್ಕೊಂಡು ತಿರುಗಿ ಅದನ್ನೂ ತಿಂದು ಮುಗಿಸತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ನಿಜವಾದ ಹಸಿವು ಶುರು. ರೇಷ್ಮೆ ಹುಳ ಜೀವಮಾನದಲ್ಲಿ ತಿನ್ನೋ ಎಲೆಯಲ್ಲಿ ಶೇಕಡ 80ಕ್ಕಿಂತ ಹೆಚ್ಚು ಆ ಕೊನೇ ಹಂತದಲ್ಲೇ ತಿನ್ನತ್ತೆ, ಬೇರೆ ಹುಳಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ. ಅದಕ್ಕೇ ಮೊದಲ ಸಲ ಮೂರು ನಾಲ್ಕು ಹುಳಕ್ಕಿಂತ ಜಾಸ್ತಿ ಬೇಡ.

ಈಗ ಆ ಇನ್ನೊಂದು ಕಥೆ. ಒಂದಿನ ಹುಳದ ಮೈಮೇಲೆ ಬಿಳಿ ಅಕ್ಕಿಕಾಳು ಅಂಟಿಸಿದಂಗೆ ಕಾಣತ್ತೆ, ಓಹೋ ಮೊಟ್ಟೆ ಇಟ್ಟಿದೆ ಅಂತ ಖುಷಿ ಪಡೋರಿದ್ದಾರೆ. ಹುಳ ಮೊಟ್ಟೆ ಇಡಲ್ಲ ಮಾರಾಯ್ರೆ, ಅದು ಸಣ್ಣ ಕಣಜದ ಗೂಡು, ಅದರ ಮರಿಗಳು ಒಳಗಿಂದ ತಿಂದು ಹೊರಗೆ ಬಂದಿರೋದು, ಆ ಹುಳ ಇನ್ನು ಚಿಟ್ಟೆ ಆಗಲ್ಲ. ಇನ್ನೊಬ್ಬ ಕಳ್ಳ ನೊಣ, ರೇಷ್ಮೆ ಹುಳಕ್ಕೆ ಕಾಟ ಕೊಡೋ ಊಜಿ ನೊಣದ ಕುಟುಂಬದ್ದು, ಇದರ ಮರಿ ಕೆಲವು ಸಲ ಹುಳ ಕೋಶ (ಚಿಟ್ಟೆಯಾಗೋ ಮುಂಚೆ ಅಲುಗದೆ ಇರೋ ಚಿಪ್ಪಿನ ಹಂತ) ಆದ ಮೇಲೆ ಅದರಲ್ಲಿ ತೂತು ಮಾಡ್ಕೊಂಡು ಹೊರಗೆ ಬಂದು ಕೆಳಗೆ ಕಂದು ಬಣ್ಣದ ಸಣ್ಣ ಗುಳಿಗೆ ತರ ಬಿದ್ದಿರತ್ತೆ. ಬೇಜಾರಾಗತ್ತೆ ಆದ್ರೆ ಅವೂ ಹೊಟ್ಟೆಪಾಡಿಗೆ ಬಂದಿರೋವೇ, ನಾನಂತೂ ಕಣಜಗಳನ್ನ ಕಿಟಕಿಯಿಂದ ಹೊರಗೆ ಬಿಡ್ತೀನಿ. ರೋಗಕ್ಕೆ ಮಾತ್ರ ದಯೆ ಬೇಡ. ಹುಳ ಕಪ್ಪಾಗಿ ತಲೆಕೆಳಗಾಗಿ ಜೋತು ಬಿದ್ದು ಮುಟ್ಟಿದ್ರೆ ಒಡೆದು ನೀರಾದ್ರೆ ಅದು ವೈರಸ್ ಇರಬಹುದು, ರೇಷ್ಮೆಯ ಹಾಲುತೊಂಡೆ ರೋಗದ ಜಾತಿಯದ್ದು, ಪಕ್ಕದ ಹುಳಗಳಿಗೂ ಹರಡತ್ತೆ. ಅದನ್ನ ತಕ್ಷಣ ತೆಗೀರಿ, ಉಳಿದವನ್ನ ಬೇರೆ ಡಬ್ಬಿಗೆ ಹಾಕಿ, ಹಳೇ ಡಬ್ಬಿನ ಬ್ಲೀಚ್ ಹಾಕಿ ತೊಳೆದು ಚೆನ್ನಾಗಿ ಒಣಗಿಸಿ.

ಹುಳ ಹಣ್ಣಾದಾಗ, ಅಂದ್ರೆ ಕೋಶ ಆಗೋಕೆ ತಯಾರಾದಾಗ, ನಿಮಗೇ ಗೊತ್ತಾಗತ್ತೆ, ತಿನ್ನೋದು ನಿಲ್ಸಿ ಒಂದ್ಸಲ ನೀರು ನೀರಾಗಿ ಹಿಕ್ಕೆ ಹಾಕಿ ಡಬ್ಬಿ ತುಂಬ ಓಡಾಡೋಕೆ ಶುರು ಮಾಡತ್ತೆ. ನಿಂಬೆ ಚಿಟ್ಟೆ ತರದವಕ್ಕೆ ಓರೆಯಾಗಿ ಎರಡು ಮೂರು ಕಡ್ಡಿ ಇಡಿ, ಬಾಲ ಅಂಟಿಸಿ ಸೊಂಟಕ್ಕೆ ಒಂದೆಳೆ ದಾರ ಕಟ್ಕೊಂಡು ಒರಗತ್ತೆ, ಕೋಶ ಹಸಿರಾಗತ್ತೋ ಕಂದಾಗತ್ತೋ ಅನ್ನೋದು ಸುತ್ತಮುತ್ತ ಏನಿದೆ ಅನ್ನೋದರ ಮೇಲೂ ಹೋಗತ್ತೆ. ಎಕ್ಕದ ಹುಳ ಮುಚ್ಚಳಕ್ಕೋ ಬಲೆಗೋ ತಲೆಕೆಳಗಾಗಿ ಕೊಕ್ಕೆ ತರ ನೇತಾಡತ್ತೆ. ಹಾಕ್ ಮಾತ್ ಹುಳಗಳಲ್ಲಿ ಹೆಚ್ಚಿನವಕ್ಕೆ ಮಣ್ಣು ಬೇಕು, ಬಣ್ಣ ಮಂಕಾಗಿ ಓಡಾಡೋಕೆ ಶುರು ಮಾಡಿದ್ರೆ ಒಂದು ಗೇಣು ಸ್ವಲ್ಪ ತೇವ ಇರೋ ಸಡಿಲ ಮಣ್ಣು ಹಾಕಿ ಬಿಡಿ, ಒಳಗೆ ಹೋದ ಮೇಲೆ ಅಗೆದು ನೋಡೋ ಚಪಲ ಬೇಡ. ನೇತಾಡ್ತಿದ್ದ ಕೋಶ ಏನಾದ್ರೂ ಕೆಳಗೆ ಬಿದ್ರೆ ಗಟ್ಟಿಯಾಗೋವರೆಗೂ ಒಂದು ದಿನ ಬಿಟ್ಟು, ಬಾಲದ ತುದಿಗೆ ಹೊಲಿಯೋ ದಾರ ಕಟ್ಟಿ ನೇತುಹಾಕಿ, ಸೊಂಟಪಟ್ಟಿ ಜಾತಿಯದ್ದಾದ್ರೆ ಪೇಪರ್ ಪೊಟ್ಟಣ ಮಾಡಿ ತಲೆ ಮೇಲಾಗಿ ನಿಲ್ಸಿ.

ಇಲ್ಲಿಂದ ಕಾಯೋದಷ್ಟೇ. ಬಿಸಿ ಹವಾಮಾನದಲ್ಲಿ ಸುಮಾರು 8 ರಿಂದ 14 ದಿನ, ಆದ್ರೆ ಕೆಲವು ಜಾತಿ ಚಳಿಗಾಲನೋ ಒಣಗಾಲನೋ ಪೂರ್ತಿ ಕೋಶದಲ್ಲೇ ಕಳೀತವೆ, ತಿಂಗಳುಗಟ್ಟಲೆ. ಹಾಗಾಗಿ ಸತ್ತಿದೆ ಅಂತ ಬೇಗ ಎಸೀಬೇಡಿ, ಕೈಗೆ ಭಾರ ಅನ್ನಿಸಿದ್ರೆ ಜೀವ ಇರತ್ತೆ, ಒಣಗಿ ಹಗುರಾಗಿದ್ರೆ ಅಥವಾ ಕೊಳೆತ ವಾಸನೆ ಬಂದ್ರೆ ಮುಗೀತು.

ಎಕ್ಕದ ಚಿಟ್ಟೆ ಕೋಶದಲ್ಲಿ ಹೊರಬರೋ ಹಿಂದಿನ ದಿನ ರೆಕ್ಕೆ ಬಣ್ಣ ಸಿಪ್ಪೆಯಾಚೆಯಿಂದಲೇ ಕಾಣತ್ತೆ. ಚಿಟ್ಟೆಗಳು ಹೆಚ್ಚಾಗಿ ಬೆಳಿಗ್ಗೆ ಬರೋದು, ಬಂದಾಗ ರೆಕ್ಕೆ ಒದ್ದೆ ಬಟ್ಟೆ ತರ ಮುದುರಿರತ್ತೆ, ನಾಲಿಗೆ ಎರಡು ಎಳೆಯಾಗಿರತ್ತೆ, ಅದನ್ನ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಜಿಪ್ ಹಾಕಿದಂಗೆ ಒಂದು ಮಾಡ್ಕೊಳ್ಳತ್ತೆ. ಅದಕ್ಕೆ ಬೇಕಾಗಿರೋದು ಹಿಡ್ಕೊಳ್ಳೋಕೆ ಒರಟು ಜಾಗ, ಕೆಳಗೆ ರೆಕ್ಕೆ ಉದ್ದದ ಎರಡರಷ್ಟು ಖಾಲಿ ಜಾಗ, ಅಷ್ಟೇ. ಬಿದ್ರೆ ಕಡ್ಡಿ ಕೊಟ್ಟು ಹತ್ತಿಸಿ, ರೆಕ್ಕೆ ಮಾತ್ರ ಮುಟ್ಟಬೇಡಿ. ಕೆಂಪು ನೀರು ಸುರಿಸಿದ್ರೆ ರಕ್ತ ಅಲ್ಲ, ಕೋಶದೊಳಗೆ ಕೂಡಿಟ್ಟ ಕಸ. ಮೂರು ನಾಲ್ಕು ಗಂಟೆ ಬಿಟ್ಟು, ಮಳೆ ಇಲ್ಲದಾಗ, ಹುಳ ಸಿಕ್ಕಿದ ಜಾಗದ ಹತ್ರವೇ ಬಿಡಿ. ಮಳೆ ಬಿಡದೆ ಹಿಡ್ಕೊಂಡಿದ್ರೆ ಹತ್ತಿಯಲ್ಲಿ ತೆಳ್ಳಗೆ ಸಕ್ಕರೆ ನೀರು.

ಪತಂಗಗಳನ್ನ ಕತ್ತಲಾದ ಮೇಲೆ ಬಿಡಿ. ಅಟ್ಲಾಸ್, ಲೂನಾ ತರದ ದೊಡ್ಡ ರೇಷ್ಮೆ ಪತಂಗಗಳಿಗೆ ತಿನ್ನೋಕೆ ಬಾಯೇ ಇಲ್ಲ, ಹುಳವಾಗಿದ್ದಾಗ ತಿಂದಿದ್ದರ ಮೇಲೆ ಒಂದು ವಾರದ ಬದುಕು. ಹೊಸದಾಗಿ ಬಂದ ಹೆಣ್ಣನ್ನ ಒಂದು ರಾತ್ರಿ ಬಲೆಯಲ್ಲೇ ಕಿಟಕಿ ಹತ್ರ ಇಟ್ಟು ನೋಡಿ, ಆ ಜಾತಿ ಅಕ್ಕಪಕ್ಕ ಇದ್ರೆ ಗರಿ ತರದ ಮೀಸೆ ಹೊತ್ತ ಗಂಡುಗಳು ವಾಸನೆ ಹಿಡ್ಕೊಂಡು ಎಲ್ಲಿಂದಲೋ ಹಾರಿ ಬರ್ತವೆ. ಈ ತರದ ವಾಸನೆ ಏನು ಅಂತ ಕಂಡುಹಿಡಿಯೋಕೆ ಬುಟೆನಾಂಟ್ ಅನ್ನೋ ಜರ್ಮನ್ ವಿಜ್ಞಾನಿ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳನ್ನ ಬಳಸಬೇಕಾಯ್ತು, 1959ರಲ್ಲಿ ಗೊತ್ತಾಯ್ತು. ಬೆಳಿಗ್ಗೆ ಎದ್ದಾಗ ಬಲೆ ತುಂಬ ಮೊಟ್ಟೆ ಅಂಟಿರಬಹುದು, ಗಂಡು ಬರದಿದ್ರೂ ಕೆಲವು ಇಡ್ತವೆ ಆದ್ರೆ ಅವು ಸಾಮಾನ್ಯವಾಗಿ ಒಡೆಯಲ್ಲ. ಗಂಡು ಬಂದಿದ್ರೆ ಲೆಕ್ಕ ನೂರು ದಾಟಬಹುದು, ಹತ್ತು ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ಅದೇ ಜಾತಿ ಮರಕ್ಕೆ ಕಟ್ಟಿ ಬನ್ನಿ, ಎಲೆ ತರೋರು ನೀವೇ ತಾನೆ.