ಹೆಡ್‌ಫೋನ್ ಹೋಲಿಸುವ ಮುನ್ನ ವಾಲ್ಯೂಮ್ ಸರಿದೂಗಿಸಿ

ಸೆನ್‌ಹೈಸರ್ ಎಚ್‌ಡಿ 600 ಮತ್ತು ಹೈಫೈಮ್ಯಾನ್ ಸುಂದರಾ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುವವರಿಗೆ: ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿಗೆ ಅದು ‘ಜೋರು’ ಅನ್ನಿಸದೆ ‘ಸ್ಪಷ್ಟ’ ಅನ್ನಿಸಿಬಿಡುತ್ತದೆ. ಮೊದಲನೆಯದರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್, ಎರಡನೆಯದರದು 40ಕ್ಕೂ ಕಡಿಮೆ. ಹಾಗಾಗಿ ಎರಡರ ಸದ್ದೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ವಾಲ್ಯೂಮ್ ನಾಬ್ ಒಂದೇ ಜಾಗದಲ್ಲಿಟ್ಟು ಹೋಲಿಸಿದರೆ ಪ್ರಯೋಜನವಿಲ್ಲ.

ದಪ್ಪ ರಟ್ಟಿನಲ್ಲಿ ಮೈಕ್ ತೂರುವಷ್ಟೇ ತೂತು ಕೊರೆದು, ಹೆಡ್‌ಫೋನಿನ ಕಪ್ಪನ್ನು ಅದರ ಮೇಲೆ ಗಾಳಿ ಸೋರದಂತೆ ಕೂರಿಸಿ. ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಇರುವ ಸುಯ್ಯೆನ್ನುವ ಸದ್ದು) ಹಾಕಿ, ಮೊಬೈಲಿನ ಎಸ್‌ಪಿಎಲ್ (ಸದ್ದಿನ ಮಟ್ಟ ಅಳೆಯುವ) ಆ್ಯಪ್‌ನಲ್ಲಿ ಎರಡರ ಅಂತರ 0.5 ಡೆಸಿಬೆಲ್ ಒಳಗೆ ತನ್ನಿ. ಆ್ಯಪ್ ತೋರಿಸುವ ಅಂಕಿ ನಿಖರವಾಗಿರಬೇಕಿಲ್ಲ, ವ್ಯತ್ಯಾಸವಷ್ಟೇ ಮುಖ್ಯ. ಕೊನೆಗೆ ಗಾಯಕರ ದನಿ ಕೇಳಿ ಕೂದಲೆಳೆಯಷ್ಟು ತಿದ್ದಿಕೊಳ್ಳಬಹುದು.

ಹೆಡ್‌ಫೋನಿಗೆ ಬಲ ಕೊಡುವ ಆ್ಯಂಪ್ ಕೂಡ ದಾರಿ ತಪ್ಪಿಸುತ್ತದೆ. ಔಟ್‌ಪುಟ್ ಇಂಪೀಡೆನ್ಸ್ (ಆ್ಯಂಪ್‌ನದೇ ತಡೆ) ನೂರು ಓಮ್ ಇರುವ ಟ್ಯೂಬ್ (ನಿರ್ವಾತ ಕೊಳವೆಯ) ಆ್ಯಂಪ್‌ನಲ್ಲಿ ಎಚ್‌ಡಿ 600ರ ಬೇಸ್ ಉಬ್ಬುತ್ತದೆ. ಏಕೆಂದರೆ ಈ ಹೆಡ್‌ಫೋನಿನ ಇಂಪೀಡೆನ್ಸ್ 100 ಹರ್ಟ್ಸ್ ಆಸುಪಾಸಿನಲ್ಲಿ ಬಹಳ ಏರುತ್ತದೆ. ಪ್ಲೇನಾರ್ (ಚಪ್ಪಟೆ ತೆಳು ಪೊರೆಯಿಂದ ಸದ್ದು ಹೊರಡಿಸುವ ಬಗೆ) ಆದ ಸುಂದರಾದ ಇಂಪೀಡೆನ್ಸ್ ಹೆಚ್ಚುಕಡಿಮೆ ಸಮತಟ್ಟು, ಹಾಗಾಗಿ ಅಲ್ಲಿ ಸದ್ದು ತಗ್ಗುತ್ತದೆ ಅಷ್ಟೆ. ಔಟ್‌ಪುಟ್ ಇಂಪೀಡೆನ್ಸ್ ಎರಡು ಓಮ್‌ಗಿಂತ ಕಡಿಮೆಯಿರುವ ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರ್ ಬಳಸುವ) ಆ್ಯಂಪ್ ಬಳಸಿ.

ಇಡೀ ಹಾಡು ಬೇಡ. ಮೃದಂಗ, ತಂಬೂರಿ ಎರಡೂ ಇರುವ 20 ಸೆಕೆಂಡಿನ ತುಣುಕು ಸಾಕು, ಅದನ್ನೇ ಮತ್ತೆ ಮತ್ತೆ ಕೇಳಿ. ಪ್ಯಾಡ್ ಕಿವಿಯ ಸುತ್ತ ಸರಿಯಾಗಿ ಕೂರಲು ಕನ್ನಡಕ ತೆಗೆದಿಡಿ. ಹಳೆಯ ಹೆಡ್‌ಫೋನಿನ ಪ್ಯಾಡ್ ಚಪ್ಪಟೆಯಾಗಿದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲವಾದರೆ ನೀವು ಹೋಲಿಸುತ್ತಿರುವುದು ಪ್ಯಾಡನ್ನೇ.